ಮಾಮಲ್ಲಪುರದ ಹಸು, ಬೆಕ್ಕು, ಜಿಂಕೆ



ಒಂದೇ ಪದವನ್ನು ವಸ್ತುವಾಗಿ ಇಟ್ಟುಕೊಂಡು ಪ್ರಾಣಿಚಿತ್ರ ಬರೆಯುವಾಗ ಪ್ರಾಣಿಯ ಮುಖಕ್ಕಿಂತ ಅದರ ನಿಲುವೇ ಹೆಚ್ಚು ಅರ್ಥ ಕೊಡುತ್ತದೆ ಎಂಬುದಕ್ಕೆ ಮಾಮಲ್ಲಪುರದ ಪಲ್ಲವ ಶಿಲ್ಪಗಳಿಗಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ. ಕಡಲತೀರದ ದೇವಾಲಯ, ಪಂಚರಥಗಳು ಮೊದಲಾದ ಇಲ್ಲಿನ ಸ್ಮಾರಕಗಳು 1984ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅವುಗಳ ಚಿತ್ರಗಳು ಎಲ್ಲೆಡೆ ಸಿಗುತ್ತವೆ.

ಪ್ರಾಣಿಚಿತ್ರಕ್ಕೆ ವಸ್ತುವಾಗಿ ನನಗೆ ಈ ಸಲ ಒಪ್ಪಿಸಿರುವ ಪದ ‘ನಂಬಿಕೆ’. ಏಳನೆಯ ಶತಮಾನದಲ್ಲಿ ಎರಡು ಹೆಬ್ಬಂಡೆಗಳ ಮೇಲೆ ಕಂಡರಿಸಿದ, ಕೆಲವರು ಅರ್ಜುನನ ತಪಸ್ಸೆಂದೂ ಕೆಲವರು ಗಂಗಾವತರಣವೆಂದೂ ಗುರುತಿಸುವ ಉಬ್ಬುಶಿಲ್ಪದಲ್ಲಿ, ಅಂದರೆ ಹಿಂದಿನ ಕಲ್ಲಿನಿಂದ ಬೇರ್ಪಡಿಸದೆ ಆಕೃತಿಗಳನ್ನು ಮುಂದಕ್ಕೆ ಉಬ್ಬಿಸಿ ಕೆತ್ತಿದ ಶಿಲ್ಪದಲ್ಲಿ, ಆ ಪದದ ಹುಸಿಯೂ ಇದೆ, ದಿಟವೂ ಇದೆ. ಮುಂಗಾಲುಗಳನ್ನು ಮೇಲೆತ್ತಿ ತಪಸ್ವಿಯಂತೆ ನಿಂತ ಬೆಕ್ಕನ್ನು ಇಲಿಗಳು ಸುತ್ತುವರಿದಿವೆ. ಕೆಳಗೆ ಜಿಂಕೆಯೊಂದು ಹಿಂಗಾಲಿನ ಗೊರಸಿನಿಂದ ಮೂತಿ ತುರಿಸಿಕೊಳ್ಳುತ್ತಿದೆ. ಓಡಿ ಜೀವ ಉಳಿಸಿಕೊಳ್ಳಬೇಕಾದ ಕಾಲನ್ನೇ ತುರಿಕೆಗೆ ಎತ್ತಿರುವ ಆ ಜಿಂಕೆ, ಪೂಜೆಗೆ ನಿಂತ ಇಲಿಗಳಿಗಿಂತ ನಂಬಿಕೆಯನ್ನು ಚೆನ್ನಾಗಿ ಹೇಳುತ್ತದೆ.

 

ಇಲ್ಲಿಯೇ ಇರುವ ಕೃಷ್ಣಮಂಟಪದ ಶಿಲ್ಪದ ಹಸುವನ್ನು ಬರೆಯುವುದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅದು ಹಾಲು ಕರೆಸಿಕೊಳ್ಳುತ್ತಲೇ ಕತ್ತು ಹೊರಳಿಸಿ ಕರುವನ್ನು ನೆಕ್ಕುತ್ತಿದೆ, ಮತ್ತು ಆ ಹೊರಳಿನಲ್ಲಿ ಎಲ್ಲಿಯೂ ಬಿಗುವಿಲ್ಲ. ಬಹಳ ಹೊತ್ತು ಹಿಂದೆ ನಿಂತು ನೋಡುತ್ತಿದ್ದ ಹಿರಿಯ ಶಿಲ್ಪಿಯೊಬ್ಬರು ನನ್ನ ಚಿತ್ರದ ಪುಸ್ತಕದಲ್ಲಿ ಸುಮ್ಮನೆ ಬೆರಳಾಡಿಸಿ, ತಿರುವು ಕತ್ತಿನಲ್ಲಿ ಅಲ್ಲ, ಹೆಗಲಿನಲ್ಲಿ ಶುರುವಾಗಬೇಕೆಂದೂ ಗಂಗೆದೊಗಲಿನ, ಅಂದರೆ ಕತ್ತಿನಡಿ ಜೋಲುವ ತೊಗಲಿನ, ಮಡಿಕೆಗಳು ತಿರುಗಿದ ಬದಿಗೆ ಒತ್ತಿಕೊಳ್ಳಬೇಕೆಂದೂ ತಮಿಳಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಗೆರೆ ದಾರಿಗೆ ಬಂದಿತು. ಅಷ್ಟಕ್ಕೇ ಬಿಡದೆ, ಹೊರಗೆ ಬಿಸಿಲಿನಲ್ಲಿ ವಾಶ್ ಹಾಕುವಾಗ, ಅಂದರೆ ಹೆಚ್ಚು ನೀರು ಬೆರೆಸಿದ ತೆಳುಬಣ್ಣವನ್ನು ಕಾಗದದ ಮೇಲೆ ಹಾಯಿಸುವಾಗ, ಅದು ಅರ್ಧದಲ್ಲೇ ಒಣಗಿ ಅಂಚುಗಟ್ಟದಿರಲೆಂದು ಕೈಯಲ್ಲಿದ್ದ ಕೊಡೆಯನ್ನು ಕಾಗದಕ್ಕೆ ಹಿಡಿದು ಮುಗಿಯುವವರೆಗೂ ನಿಂತರು. ಆಮೇಲೆ ತಮ್ಮ ಕೆಲಸದ ಜಾಗದಲ್ಲಿ ಉಳಿ, ಸುತ್ತಿಗೆಗಳ ನಡುವೆ, ಕಲ್ಲುಪುಡಿ ಹಾರದ ಮೂಲೆಯೊಂದರಲ್ಲಿ ಕೂರಿಸಿ, ಡಬ್ಬಿಯ ಮೊಸರನ್ನದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅತಿಥಿಯ ಎಲೆಗೇ ಬಡಿಸಿ, ಮಜ್ಜಿಗೆ ಮೆಣಸಿನಕಾಯಿಯನ್ನೂ ಇಟ್ಟರು. ಊಟಕ್ಕೆ ಕೊಡಹೋದ ಹಣವನ್ನು ಮುಟ್ಟಲಿಲ್ಲ. ಬರೆದ ಹಸುವಿನ ಒಂದು ಪ್ರತಿ ಅಂಚೆಯಲ್ಲಿ ಬಂದರೆ ಸಾಕೆಂದರು. ಅದನ್ನು ಮೊದಲು ಕಳುಹಿಸಿಯೇ ಉಳಿದ ಚಿತ್ರಗಳಿಗೆ ಕೈಹಾಕುವುದು ನ್ಯಾಯ.

   ಬಣ್ಣದ ವಿಷಯವೊಂದು ಉಳಿಯಿತು: ಕಲ್ಲಿನ ಬೂದಿಗೆ ಕಪ್ಪನ್ನು ಬಳಸಿದರೆ ಚಿತ್ರ ಸತ್ತಂತೆ ಕಾಣುತ್ತದೆ, ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದನ್ನು ಬೆರೆಸಿದರೆ ಬೂದಿಗೆ ಬಿಸುಪು ಬರುತ್ತದೆ, ಆದರೆ ಕರುವಿನ ಬೆನ್ನಿಗೆ ನೀಲಿಯನ್ನು ಇನ್ನಷ್ಟು ಇಳಿಸಬೇಕು.