ಮಾರುತ್‌ನೊಳಗಿನ ಇನ್ನೊಂದು ವಿಮಾನ

ಬೆಂಗಳೂರಿನ ಉಲ್ಲಾಳದವರಿಗೆ ಜ್ಞಾನಭಾರತಿಯಲ್ಲಿ ಮೆಟ್ರೋ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದರೆ ವಿಶ್ವೇಶ್ವರಯ್ಯ ಮ್ಯೂಸಿಯಂ ನಡೆದು ಹೋಗುವಷ್ಟೇ ದೂರ. ಅಲ್ಲಿರುವ ಎಚ್‌ಎಫ್-24 ಮಾರುತ್ ಯುದ್ಧವಿಮಾನದ ಮುಂದೆ ನಿಂತಾಗಲೆಲ್ಲ, ಕಟ್ಟದೇ ಉಳಿದ ಇನ್ನೊಂದು ಮಾರುತ್ ನನ್ನ ಕಣ್ಣಿಗೆ ಕಟ್ಟುತ್ತದೆ.

ಜರ್ಮನಿಯ ವಿಮಾನ ವಿನ್ಯಾಸಕ ಕರ್ಟ್ ಟ್ಯಾಂಕ್ ನಮ್ಮ ಎಚ್‌ಎಎಲ್ ಎಂಜಿನಿಯರುಗಳ ಜೊತೆ ಕೂತು ಬರೆದ ನಕ್ಷೆ ಅದು. ಶಬ್ದದ ಎರಡು ಪಟ್ಟು ವೇಗ ಅದರ ಗುರಿ. ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿ, 1959ರಲ್ಲಿ ಡಕೋಟಾ ವಿಮಾನಕ್ಕೆ ಕಟ್ಟಿ ಎಳೆಸಿ ಹಾರಿಸಿ ನೋಡಿದರು. ಎಂಥ ಧೈರ್ಯ! 1961ರ ಜೂನ್ 17ಕ್ಕೆ ನಿಜವಾದ ಮಾರುತ್ ಬೆಂಗಳೂರಿನಲ್ಲಿ ಹಾರಿತು. ಆದರೆ ನಂಬಿದ್ದ ಬ್ರಿಟನ್ನಿನ ಆರ್ಫಿಯಸ್ 12 ಎಂಜಿನ್ ಬರಲೇ ಇಲ್ಲ. ಅಲ್ಲಿ ಅದನ್ನು ಕೈಬಿಟ್ಟರು, ಮುಂದುವರಿಸುವ ಖರ್ಚಿಗೆ ಇಲ್ಲಿ ಒಪ್ಪಿಗೆ ಸಿಗಲಿಲ್ಲ. ಅದೇ ಕುಟುಂಬದ ಕಡಿಮೆ ಶಕ್ತಿಯ ಎಂಜಿನ್ನುಗಳಲ್ಲೇ 147 ಮಾರುತ್‌ಗಳು ಹೊರಬಂದು, 1971ರ ಯುದ್ಧದಲ್ಲಿ ರಾಜಸ್ಥಾನದ ಮರಳುಗಾಡಿನ ಮೇಲೆ ಕಾದಾಡಿದವು. ಮುಂದಿನ ತಲೆಮಾರಿನ ಎಚ್‌ಎಫ್-73 ಕಾಗದದಲ್ಲೇ ಉಳಿಯಿತು.

ಹೀಗೆ ಅರ್ಧಕ್ಕೇ ನಿಂತ ವಿಮಾನಗಳು ಬ್ರಿಟನ್ನಿನಲ್ಲೂ ಇವೆ. ಅಲ್ಲಿನ ಸ್ಪಿಟ್‌ಫೈರ್ ಯುದ್ಧವಿಮಾನ ರೂಪಿಸಿದ ಮಿಚೆಲ್ 1937ರಲ್ಲಿ ತೀರಿಕೊಳ್ಳುವ ಮುನ್ನ ಒಂದು ಭಾರೀ ಬಾಂಬರ್ ವಿನ್ಯಾಸ ಮಾಡಿದ್ದರು. ಅರ್ಧ ಕಟ್ಟಿದ್ದ ಅದರ ಮಾದರಿಗಳು 1940ರ ಜರ್ಮನ್ ದಾಳಿಯಲ್ಲಿ ನಾಶವಾದವು. ಅಂಥವನ್ನು ಅಲ್ಲಿನವರು ಹುಡುಕಿ ತೆಗೆದು, ನಕ್ಷೆ ಸಮೇತ ಪುಸ್ತಕ ಮಾಡುತ್ತಾರೆ. ನಮ್ಮ ಎಚ್‌ಎಫ್-73ರ ಕಥೆ ಕನ್ನಡದಲ್ಲಿ ಸಚಿತ್ರವಾಗಿ ಬರಬೇಕು. ಆ ಡ್ರಾಯಿಂಗ್ ಬೋರ್ಡಿನ ಮುಂದೆ ಕೂತಿದ್ದವರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ, ಇವತ್ತೇ ಹತ್ತಿರ ಕೂತು ಕೇಳಿ ಬರೆದಿಟ್ಟುಕೊಳ್ಳಿ.