ಖೈರಿಯತ್ ಕೇಳುವ ಒಂದು ಸಾಲು

ನಮ್ಮ ಮನೆಯಲ್ಲಿ ಉರ್ದು, ಕಾಲೇಜಿನಲ್ಲಿ ಕನ್ನಡ, ಪಠ್ಯಪುಸ್ತಕದಲ್ಲಿ ಇಂಗ್ಲಿಷ್. ಮೊಬೈಲಿನಲ್ಲಿ ಮಾತ್ರ ಯಾವ ಭಾಷೆಯಲ್ಲಿ ಬರೆಯುತ್ತೇವೆ ಎಂದು ಹೇಳುವುದು ಕಷ್ಟ. ಉರ್ದುವಿನಲ್ಲಿ ಎದುರಿಗಿರುವವರನ್ನು ‘ಆಪ್’ ಅನ್ನಬೇಕೋ, ‘ತುಮ್’ ಅನ್ನಬೇಕೋ, ‘ತೂ’ ಅನ್ನಬೇಕೋ ಎಂದು ಬಾಯಿ ತೆರೆಯುವ ಮೊದಲೇ ಗೊತ್ತಿರಬೇಕು. ಕನ್ನಡದಲ್ಲೂ ನೀವು, ನೀನು ಇವೆ. ಮೊಬೈಲಿನಲ್ಲಿ ಇವೆಲ್ಲದರ ಜಾಗಕ್ಕೆ ‘ಯು’ ಎಂಬ ಒಂದೇ ಇಂಗ್ಲಿಷ್ ಅಕ್ಷರ ಬಂದು ಕೂತಿದೆ. ಉಪನ್ಯಾಸಕರಿಗೂ ಅದೇ, ಪಕ್ಕದ ಬೆಂಚಿನವಳಿಗೂ ಅದೇ. ಸಲಾಮ್ ಕೂಡ ‘ಎಸ್‌ಎಲ್‌ಎಂ’ ಎಂದು ಮೂರು ಅಕ್ಷರಕ್ಕೆ ಇಳಿದಿದೆ. ಶಾಂತಿ ಹಾರೈಸುವುದಕ್ಕೂ ನಮಗೆ ಪುರುಸೊತ್ತಿಲ್ಲ.

ನಮ್ಮ ದಾದಿಯ ಬೀರುವಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇದೆ. 1990ರ ದಶಕದಲ್ಲಿ ಚಾಚಾ ಸೌದಿಗೆ ದುಡಿಯಲು ಹೋದಾಗ ಬರೆದ ಕಾಗದಗಳು ಅದರಲ್ಲಿವೆ. ಎಲ್ಲ ಕಾಗದಗಳೂ ಒಂದೇ ರೀತಿ ಶುರುವಾಗುತ್ತವೆ. ಮೇಲೆ 786, ಆಮೇಲೆ ‘ಮೊಹತರಮಾ ಅಮ್ಮೀ ಜಾನ್’, ನಂತರ ಸಲಾಮ್. ನಾನು ಇಲ್ಲಿ ಖೈರಿಯತ್‌ನಿಂದ ಇದ್ದೇನೆ, ನಿಮ್ಮೆಲ್ಲರ ಖೈರಿಯತ್‌ಗಾಗಿ ದುಆ ಮಾಡುತ್ತೇನೆ ಎಂಬ ಸಾಲು. ಅಲ್ಲಿಂದ ಮುಂದೆ ಒಬ್ಬೊಬ್ಬರ ಹೆಸರು ಹಿಡಿದು ವಿಚಾರಣೆ. ಪಕ್ಕದ ಮನೆಯ ಖಾಲಾಳ ಮೊಣಕಾಲು ನೋವು ಕೂಡ ಬಿಟ್ಟುಹೋಗಿಲ್ಲ. ಇದೆಲ್ಲ ಮುಗಿದ ಮೇಲೆ ಬ್ಯಾಂಕ್ ಡ್ರಾಫ್ಟಿನ ವಿಷಯ.

ಇದನ್ನು ನನ್ನ ಗೆಳತಿಗೆ ಹೇಳಿದಾಗ ಅವಳು ತನ್ನ ಅಜ್ಜನ ಹಳೆಯ ಪೋಸ್ಟ್ ಕಾರ್ಡುಗಳನ್ನು ತಂದು ತೋರಿಸಿದಳು. ‘ತೀರ್ಥರೂಪ ತಂದೆಯವರಿಗೆ’ ಎಂದು ಆರಂಭ. ಇತ್ತ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ ಎಂದು ಎರಡನೇ ಸಾಲು. ಹಣ, ಜಮೀನು, ಮದುವೆ ಮಾತುಕತೆ ಏನಿದ್ದರೂ ಆಮೇಲೆ. ಲಿಪಿ ಬೇರೆ, ಆದರೆ ಕ್ರಮ ನಮ್ಮ ಚಾಚಾ ಬರೆದದ್ದೇ! ನಾವಿಬ್ಬರೂ ನಕ್ಕೆವು.

ದಾದಿ ಈಗ ಚಾಚಾನಿಗೆ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಅದರಲ್ಲೂ ಸಲಾಮ್ ಮತ್ತು ಖೈರಿಯತ್‌ಗೇ ಎರಡು ನಿಮಿಷ. ಚಾಚಾ ಅದನ್ನು ಡಬಲ್ ಸ್ಪೀಡಿನಲ್ಲಿ ಕೇಳುತ್ತಾರೆ ಎಂದು ದಾದಿಗೆ ಯಾರೂ ಹೇಳಿಲ್ಲ.

ಹಾಗಾದರೆ ಉದ್ದುದ್ದ ಬಿರುದುಗಳೇ ಮರ್ಯಾದೆಯೇ? ನನಗೆ ಹಾಗನ್ನಿಸುವುದಿಲ್ಲ. ಉರ್ದು ಕಾಗದಗಳಲ್ಲಿ ‘ಅಲ್‌ಕಾಬ್-ಓ-ಆದಾಬ್’ ಎಂಬ ಉದ್ದನೆಯ ಸಂಬೋಧನೆಗಳಿದ್ದ ಕಾಲದಲ್ಲೇ ಕವಿ ಮಿರ್ಜಾ ಗಾಲಿಬ್ ಅವನ್ನು ಬಿಟ್ಟುಬಿಟ್ಟರು. ಎದುರಿಗೆ ಕೂತು ಮಾತಾಡಿದ ಹಾಗೆ ಬರೆದರು. ಅವರ ಪತ್ರಗಳು ‘ಊದ್-ಎ-ಹಿಂದಿ’ ಎಂಬ ಸಂಗ್ರಹವಾಗಿ 1868ರಲ್ಲಿ, ‘ಉರ್ದು-ಎ-ಮುಅಲ್ಲಾ’ ಎಂಬ ಸಂಗ್ರಹವಾಗಿ 1869ರಲ್ಲಿ ಬಂದವು. ಅವರನ್ನು ಯಾರೂ ಒರಟ ಎನ್ನಲಿಲ್ಲ. ಏಕೆಂದರೆ ಅವರು ಬಿರುದು ಬಿಟ್ಟರೇ ಹೊರತು ಓದುವ ಮನುಷ್ಯನನ್ನು ಬಿಡಲಿಲ್ಲ. ಟೆಲಿಗ್ರಾಂ ಕೂಡ ಚಿಕ್ಕದೇ ಆಗಿತ್ತು, ಪದ ಎಣಿಸಿ ದುಡ್ಡು ಕೊಡಬೇಕಿತ್ತು. 2013ರಲ್ಲಿ ನಿಂತುಹೋದ ಆ ಸೇವೆಯಲ್ಲಿ ಶುಭಾಶಯಗಳಿಗೆಂದೇ ಸಿದ್ಧ ವಾಕ್ಯಗಳಿದ್ದವು. ಆದ್ದರಿಂದ ಚಿಕ್ಕದಾಗಿ ಬರೆಯುವುದು ತಪ್ಪು ಅಂತ ನಾನು ವಾದಿಸುತ್ತಿಲ್ಲ.

ನನಗೆ ಇದು ಚುಚ್ಚಿದ್ದು ನಮ್ಮ ಅಂಗಡಿಯಲ್ಲಿ. ಅಬ್ಬಾ ಸಣ್ಣ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಕಳೆದ ವರ್ಷ ಮಳೆಗಾಲದಲ್ಲಿ ವ್ಯಾಪಾರ ಕುಸಿದು, ಪೈಂಟ್ ಕಳಿಸುವ ಒಂದು ಕಂಪನಿಗೆ ಹಣ ಕಟ್ಟುವುದು ಹತ್ತು ದಿನ ತಡವಾಯಿತು. ರಾತ್ರಿ ಊಟಕ್ಕೆ ಕೂತಾಗ ಆ ಕಂಪನಿಯ ಹುಡುಗನಿಂದ ಸಂದೇಶ ಬಂತು: ಇವತ್ತು ಬಾಕಿ ಕಟ್ಟಿ, ಇಲ್ಲದಿದ್ದರೆ ಮಾಲು ಬಂದ್. ಹೆಸರಿಲ್ಲ, ನಮಸ್ಕಾರವಿಲ್ಲ. ಹಣ ಕೇಳಿದ್ದು ಸರಿಯೇ, ಬಾಕಿ ನಮ್ಮದೇ. ಆದರೆ ಹದಿನಾರು ವರ್ಷ ಲೆಕ್ಕ ಚುಕ್ತಾ ಮಾಡುತ್ತ ಬಂದ ಮನುಷ್ಯ ಆ ಸಂದೇಶವನ್ನು ಮೂರು ಸಲ ಓದಿ ತಟ್ಟೆಯಲ್ಲೇ ಕೈ ತೊಳೆದರು. ಅಮ್ಮಿ ಕೇಳಿದ್ದಕ್ಕೆ, “ಹಸಿವಿಲ್ಲ” ಅಂದರು. ಆಮೇಲೆ ನನ್ನಿಂದಲೇ ಉತ್ತರ ಬರೆಸಿದರು. ಮೊದಲ ಸಾಲು, “ನಮಸ್ಕಾರ, ಚೆನ್ನಾಗಿದ್ದೀರಾ?” ನನಗೆ ಸಿಟ್ಟು ಬಂದಿತ್ತು, ಆ ಸಾಲು ಯಾಕೆ ಎಂದು ಕೇಳಿದೆ. “ಅವನಿಗೂ ಮೇಲಿನವರ ಒತ್ತಡ ಇರುತ್ತದೆ ಬೇಟಾ” ಎಂದರು.

ವಾಣಿಜ್ಯ ಪತ್ರ ಬರೆಯುವುದನ್ನು ಕಲಿಸುವ ಪುಸ್ತಕಗಳಲ್ಲಿ ಏಳು ‘ಸಿ’ಗಳು ಎಂದು ಹೇಳುತ್ತಾರೆ. ಸ್ಪಷ್ಟತೆ, ಸಂಕ್ಷಿಪ್ತತೆ ಇವುಗಳ ಜೊತೆ ಸೌಜನ್ಯವೂ ಒಂದು. ನಾವು ಸಂಕ್ಷಿಪ್ತತೆಯನ್ನು ಮಾತ್ರ ಚೆನ್ನಾಗಿ ಕಲಿತ ಹಾಗಿದೆ.

ನಮ್ಮ ಅಂಗಡಿಯ ಉದ್ರಿ ಪುಸ್ತಕ ಈಗ ನನ್ನ ಕೈಯಲ್ಲಿದೆ. ತಿಂಗಳ ಕೊನೆಗೆ ಬಾಕಿ ಇರುವವರಿಗೆ ನಾನೇ ಸಂದೇಶ ಬರೆಯುತ್ತೇನೆ, ಕಳಿಸುವ ಮೊದಲು ಅಬ್ಬಾ ಒಮ್ಮೆ ಗಟ್ಟಿಯಾಗಿ ಓದಿಸುತ್ತಾರೆ. ಹೆಸರು, ನಮಸ್ಕಾರ ಅಥವಾ ಸಲಾಮ್, ಮನೆಯವರ ಕ್ಷೇಮ, ನಂತರ ಮೊತ್ತ. ಹೋದ ತಿಂಗಳು ಹನ್ನೊಂದು ಜನಕ್ಕೆ ಕಳಿಸಿದೆ. ಏಳು ಜನ ಹಣ ಕೊಟ್ಟರು. ಒಬ್ಬ ಗಾರೆ ಮೇಸ್ತ್ರಿ, ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ, ಕೇಳಿದ್ದಕ್ಕೆ ಸಂತೋಷ ಎಂದು ಬರೆದು ಹದಿನೈದು ದಿನ ಸಮಯ ಕೇಳಿದ. ಉಳಿದ ಮೂವರು ಸಂದೇಶ ನೋಡಿಯೂ ಉತ್ತರ ಕೊಟ್ಟಿಲ್ಲ. ಅವರಿಗೆ ಈ ಶುಕ್ರವಾರ ಮತ್ತೆ ಬರೆಯಬೇಕು. ಮೊದಲ ಸಾಲು ತೆಗೆದುಬಿಡಲಾ ಎಂದು ಕೇಳಿದ್ದಕ್ಕೆ ಅಬ್ಬಾ ಬೇಡ ಎಂದಿದ್ದಾರೆ.