ಸಂತ ಫಿಲೋಮಿನಾ ದೇವಾಲಯದಲ್ಲಿ ಒಂದು ಪ್ರಾತಃಕಾಲ

ಮೈಸೂರಿಗೆ ಬರುವ ಯಾತ್ರಿಕರು ಅರಮನೆಯನ್ನೂ ಚಾಮುಂಡಿಬೆಟ್ಟವನ್ನೂ ಕಂಡ ತರುವಾಯ, ಸಂತ ಫಿಲೋಮಿನಾ ದೇವಾಲಯದ 175 ಅಡಿ ಎತ್ತರದ ಜೋಡಿಶಿಖರಗಳನ್ನು ತಲೆಯೆತ್ತಿ ನೋಡಿ ಹಿಂದಿರುಗುವುದು ವಾಡಿಕೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಇದಕ್ಕೆ ಅಸ್ತಿಭಾರವನ್ನಿಟ್ಟರು. ನಾವೂ ಅನೇಕಾವೃತ್ತಿ ಹಾಗೆಯೇ ನೋಡಿದ್ದೆವು. ಅದರ ಒಳಗನ್ನು ಕಿವಿಯಿಂದ ಕಂಡದ್ದು ಮಾತ್ರ ಕಳೆದ ಮಾಘಮಾಸದಲ್ಲಿ.

ನಮ್ಮ ಹಳೆಯ ಶಿಷ್ಯನೊಬ್ಬನು ಕನ್ನಡ ಭಕ್ತಿಗೀತೆಗಳನ್ನು ಹಾಡುವ ಮೇಳವೊಂದಕ್ಕೆ ಮುಂದಾಳು. “ಮೇಷ್ಟ್ರೇ, ನಲವತ್ತು ವರ್ಷ ನಮ್ಮೊಡನೆ ಹಾಡಿದ ಅಜ್ಜಿಯೊಬ್ಬರು ಹಾಸಿಗೆ ಹಿಡಿದಿದ್ದಾರೆ. ಹಾಡನ್ನು ರೆಕಾರ್ಡು ಮಾಡಿ ಅವರಿಗೆ ಕೇಳಿಸಬೇಕು. ತಾವು ಬಂದು ಉಚ್ಚಾರವನ್ನು ಪರೀಕ್ಷಿಸಬೇಕು” ಎಂದನು. ಒಪ್ಪಿದೆವು.

ಬೆಳಗಿನ ಬಲಿಪೂಜೆಯು ಮುಗಿದೊಡನೆ, ರಸ್ತೆಯ ಸದ್ದು ಹೆಚ್ಚುವ ಮುನ್ನ, ಅಪ್ಪಣೆ ಪಡೆದು ಕೆಲಸಕ್ಕೆ ತೊಡಗಿದೆವು. ಫ್ಯಾನುಗಳನ್ನು ನಿಲ್ಲಿಸಲಾಯಿತು. ಇಪ್ಪತ್ತು ಮಂದಿ ಹಾಡಿದರು. ನಮಗಂತೂ ಅಮೃತವೆನಿಸಿತು! ಆದರೆ ಯಂತ್ರದಲ್ಲಿ ಕೇಳಿದಾಗ ಪದವೊಂದೂ ತಿಳಿಯದು, ಬಾವಿಯೊಳಗಿನ ದನಿಯಂತಿದ್ದಿತು. ಮೈಕುಗಳನ್ನು ದೂರದ ಬೆಂಚುಗಳ ನಡುವೆ ಇಡಿಸಿದವರು ನಾವೇ.

ಕಾರಣವನ್ನು ಶಿಷ್ಯನು ವಿವರಿಸಿದನು. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಓಡಿ, ಗೋಡೆಗೂ ಚಾವಣಿಗೂ ತಾಗಿ ಮತ್ತೆ ಮತ್ತೆ ಹಿಂದಿರುಗುತ್ತದೆ. ಎದುರು ಕುಳಿತವನ ಕಿವಿಗಳೂ ಮನಸ್ಸೂ ಕೂಡಿ ಬೇಕಾದುದನ್ನು ಆರಿಸಿಕೊಳ್ಳುತ್ತವೆ. ಮೈಕಿಗೆ ಆ ವಿವೇಕವಿಲ್ಲ. ದೂರವಿಟ್ಟರೆ ಪ್ರತಿಧ್ವನಿಯು ಮೂಲಧ್ವನಿಯನ್ನು ಮುಚ್ಚುತ್ತದೆ. ತೀರ ಹತ್ತಿರವಿಟ್ಟರೆ ಮುಂದಿನ ನಾಲ್ವರ ಕಂಠವೇ ಕೇಳಿ, ಮೇಳವು ಒಡೆಯುತ್ತದೆ.

ಗಾಯಕರನ್ನು ಅರ್ಧಚಂದ್ರಾಕಾರವಾಗಿ ನಿಲ್ಲಿಸಿ, ಹತ್ತು ಅಡಿ ಮುಂದೆ, ತಲೆಗಳಿಗಿಂತ ಎತ್ತರದಲ್ಲಿ, ಎರಡು ಮೈಕುಗಳನ್ನು 17 ಸೆಂಟಿಮೀಟರು ಅಂತರದಲ್ಲಿ, ನಡುವೆ 110 ಡಿಗ್ರಿ ಕೋನವಿರುವಂತೆ ಹೊರಮುಖವಾಗಿರಿಸಿದನು. ಈ ಅಂತರವು ಹೆಚ್ಚುಕಡಮೆ ಮನುಷ್ಯನ ಕಿವಿಗಳ ನಡುವಣ ಅಂತರವೇ. ಅತ್ಯುಚ್ಚವಾದ ಭಾಗವನ್ನು ಮೊದಲು ಹಾಡಿಸಿ, ದನಿಯು ಒಡೆಯದಂತೆ ಯಂತ್ರದ ಮಟ್ಟವನ್ನು ತಗ್ಗಿಸಿದನು.

ನಾವು ಹೇಳಿದುದು ಒಂದೇ ಮಾತು. ಪಾಣಿನೀಯ ಶಿಕ್ಷೆಯು ಅಧಮ ಪಾಠಕರನ್ನು ಆರು ಬಗೆಯಾಗಿ ಎಣಿಸುವಲ್ಲಿ ಅವಸರದಿಂದ ಓದುವವನನ್ನೂ ಸೇರಿಸಿದೆ. ಒಂದಕ್ಷರದ ಅನುರಣನವು ಅಡಗುವ ಮೊದಲೇ ಇನ್ನೊಂದನ್ನು ನುಡಿದರೆ ಇಂತಹ ಮಂದಿರದಲ್ಲಿ ಎರಡೂ ಕಲಸಿಹೋಗುವುವು. ಆದುದರಿಂದ ನಿಧಾನವಾಗಿ, ವ್ಯಂಜನಗಳನ್ನು ಎಲ್ಲರೂ ಒಮ್ಮೆಗೇ ನುಡಿದು ಹಾಡಿರೆಂದೆವು. ಹಾಗೆಯೇ ಹಾಡಿದರು. ಕೊನೆಯ ಸ್ವರವು ಚಾವಣಿಯಲ್ಲಿ ಕರಗುವವರೆಗೆ ಯಾರೂ ಮಿಸುಕಲಿಲ್ಲ.

ಅಂದೇ ಸಂಜೆ ಆ ವೃದ್ಧೆಗೆ ಅದನ್ನು ಕೇಳಿಸಿದೆವು. ಆಕೆ ಕಣ್ಣುಮುಚ್ಚಿ ಕೊನೆಯವರೆಗೆ ಕೇಳಿ, “ಪದಗಳೆಲ್ಲ ಸ್ಪಷ್ಟವಾಗಿವೆ. ಎರಡನೆಯ ಸಾಲಿನಲ್ಲಿ ನನ್ನ ಜಾಗ ಮಾತ್ರ ಖಾಲಿಯಿದೆ” ಎಂದರು. ಶಿಷ್ಯನು ತಲೆ ತಗ್ಗಿಸಿದನು. ಮರಳಿ ಹಾಕಿದಾಗ ಆಕೆ ತಾವೇ ಮೆಲ್ಲನೆ ದನಿಗೂಡಿಸಿದರು.